‘ಟೀಕ್ ಡೋರ್’ ಎಂದರೆ ಪೂರ್ತಿ ತೇಗದ್ದೇ? ಹೈದರಾಬಾದ್‌ನಲ್ಲಿ ಮರದ ಬಾಗಿಲು, ಕಿಟಕಿ ಮಾಡಿಸುವ ಮುನ್ನ ತಿಳಿದಿರಬೇಕಾದ ಪದಗಳಿವು

ಹೈದರಾಬಾದ್: ಮನೆ ಕಟ್ಟುವವರು ಸಿಮೆಂಟ್ ಮತ್ತು ಕಬ್ಬಿಣದ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಬಾಗಿಲು, ಕಿಟಕಿಯ ವಿಷಯ ಬಂದಾಗ ಮಾತ್ರ ‘ಟೀಕ್‌ದೇ ಹಾಕಿಬಿಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮುಂಗಡ ಕೊಟ್ಟು, ಮರ ಕೊರೆದು, ಬಾಗಿಲು ನಿಲ್ಲಿಸಿದ ಮೇಲೆ ಜಗಳ ಶುರುವಾಗುತ್ತದೆ. ತೇಗದ್ದು ಚೌಕಟ್ಟು ಮಾತ್ರ, ಬಾಗಿಲು ಪ್ಲೈವುಡ್‌ನದ್ದು ಎಂಬುದು ಆಗ ತಿಳಿಯುತ್ತದೆ. ಹೇಳಿದ ಅಳತೆ ಚೌಕಟ್ಟಿನ ಹೊರ ಅಂಚಿನದ್ದು, ಓಡಾಡುವ ಜಾಗದ್ದಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ.

ಇಂಥ ಜಗಳಗಳಲ್ಲಿ ಎಷ್ಟೋ ಸಲ ಯಾರೂ ಮೋಸ ಮಾಡಿರುವುದಿಲ್ಲ. ಒಂದೇ ಪದಕ್ಕೆ ಮಾಲೀಕರು ಒಂದು ಅರ್ಥ ಇಟ್ಟುಕೊಂಡಿರುತ್ತಾರೆ, ಬಡಗಿ ಇನ್ನೊಂದು. ತೆಲುಗು, ದಖನಿ ಉರ್ದು, ಹಿಂದಿ ಮತ್ತು ಇಂಗ್ಲಿಷ್ ಬೆರೆತು ಓಡಾಡುವ ಹೈದರಾಬಾದ್‌ನಲ್ಲಿ ಕನ್ನಡಿಗರಿಗೆ ಈ ಗೊಂದಲ ಇನ್ನೂ ಹೆಚ್ಚು. ಆರ್ಡರ್ ಕೊಡುವ ಮೊದಲು ಯಾವ ಪದಕ್ಕೆ ಏನರ್ಥ, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಒಂದು ಬಾಗಿಲಿಗೆ ಮೂರು ಹೆಸರು

ಕನ್ನಡದ ‘ಬಾಗಿಲು’ ತೆಲುಗಿನಲ್ಲಿ ‘ತಲುಪು’, ದಖನಿಯಲ್ಲಿ ‘ದರ್ವಾಜಾ’. ತೆಲುಗಿನಲ್ಲಿ ‘ವಾಕಿಲಿ’ ಎಂಬ ಪದವೂ ಇದೆ. ಅದು ನಮ್ಮ ಬಾಗಿಲು, ತಮಿಳಿನ ವಾಯಿಲ್ ಇವುಗಳ ಬಂಧು. ಆದರೆ ತೆಲಂಗಾಣದ ಮಾತಿನಲ್ಲಿ ವಾಕಿಲಿ ಎಂದರೆ ಸಾಮಾನ್ಯವಾಗಿ ಮನೆ ಮುಂದಿನ ಅಂಗಳ. ‘ವಾಕಿಲಿ ದಗ್ಗರ ಪೆಟ್ಟು’ ಎಂದರೆ ಅಂಗಳದಲ್ಲಿ ಇಡು ಎಂದರ್ಥ, ಬಾಗಿಲಿಗೆ ಜೋಡಿಸು ಎಂದಲ್ಲ.

ಬಾಗಿಲ ಚೌಕಟ್ಟಿಗೆ ಕನ್ನಡದಲ್ಲೇ ಹಲವು ಹೆಸರುಗಳಿವೆ. ಹಳೆ ಮೈಸೂರಿನ ಕಡೆ ‘ಬಾಗಿಲವಾಡ’ ಎಂದರೆ, ಕರಾವಳಿಯಲ್ಲಿ ‘ದಾರಂದ’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಚೌಕಟ್ಟು’ ಎಂಬುದೇ ಬಳಕೆ. ಹೈದರಾಬಾದ್‌ನ ಬಡಗಿಗೆ ಬಾಗಿಲವಾಡ, ದಾರಂದ ಎರಡೂ ಅರ್ಥವಾಗುವುದಿಲ್ಲ. ಚೌಕಟ್ಟು ಎಂದರೆ ದಖನಿ ‘ಚೌಖಟ್’ ನೆನಪಾಗಿ ಹೊಂದಿಕೊಳ್ಳುತ್ತದೆ. ತೆಲುಗಿನಲ್ಲಿ ಇದು ‘ದ್ವಾರಬಂಧಂ’. ಬಾಗಿಲು ಇರುವ ಜಾಗ ‘ಗುಮ್ಮಂ’. ಹೊಸ್ತಿಲು ‘ಗಡಪ’. ತಿರುಮಲಕ್ಕೆ ಉತ್ತರದಿಂದ ಹೋಗುವವರ ಹೊಸ್ತಿಲಿನಂತಿದ್ದ ಊರಿಗೆ ಈ ಪದದಿಂದಲೇ ಕಡಪ ಎಂಬ ಹೆಸರು ಬಂತು ಎಂಬ ಪ್ರತೀತಿಯೂ ಇದೆ.

ಕೆಲಸಗಾರರ ಹೆಸರೂ ಹೀಗೆಯೇ. ಕನ್ನಡದ ‘ಬಡಗಿ’, ಹಿಂದಿಯ ‘ಬಢಯಿ’ ಎರಡೂ ಸಂಸ್ಕೃತದ ವರ್ಧಕಿಯಿಂದ ಬಂದವು. ತೆಲುಗಿನಲ್ಲಿ ‘ವಡ್ರಂಗಿ’. ಹೈದರಾಬಾದ್‌ನ ಮರಗೆಲಸದಲ್ಲಿ ಸ್ಥಳೀಯರ ಜೊತೆ ಉತ್ತರ ಭಾರತದ ಕೆಲಸಗಾರರೂ ಇರುವುದರಿಂದ, ಒಂದೇ ಕಟ್ಟಡದಲ್ಲಿ ಈ ಎಲ್ಲ ಪದಗಳೂ ಕಿವಿಗೆ ಬೀಳುತ್ತವೆ.

ಕಲ್ಯಾಣ ಕರ್ನಾಟಕದವರಿಗೆ ಈ ಮಿಶ್ರಣ ಹೊಸದಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1956ರ ನವೆಂಬರ್ 1ರಂದು ಅವು ಆಗಿನ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಹೈದರಾಬಾದೇ ರಾಜಧಾನಿ. ಹಾಗಾಗಿ ದರ್ವಾಜಾ, ಕಮಾನು, ಜಾಳಿಗೆಯಂಥ ಪದಗಳು ಅಲ್ಲಿನ ಮನೆಮಾತಿನಲ್ಲೂ ಇವೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಬಂದವರಿಗೇ ಹೆಚ್ಚು ತೊಡಕು.

ಕಿಟಕಿ ಎಂದರೆ ಬಾಗಿಲೂ ಹೌದು

ಕನ್ನಡದ ‘ಕಿಟಕಿ’, ತೆಲುಗಿನ ‘ಕಿಟಿಕೀ’, ಹಿಂದಿಯ ‘ಖಿಡ್ಕಿ’ ಮೂರೂ ಒಂದೇ ಪದದ ರೂಪಗಳು. ಆದರೆ ಹೈದರಾಬಾದ್‌ನ ಇತಿಹಾಸದಲ್ಲಿ ಖಿಡ್ಕಿಗೆ ಇನ್ನೊಂದು ಅರ್ಥವಿದೆ. ಹಳೆ ನಗರದ ಸುತ್ತ ಇದ್ದ ಕೋಟೆಗೋಡೆಯ ಕೆಲಸವನ್ನು ಮೊಘಲ್ ಸುಬೇದಾರ ಮುಬಾರಿಜ್ ಖಾನ್ ಆರಂಭಿಸಿದ್ದ. 1740ರಲ್ಲಿ ಮೊದಲನೇ ನಿಜಾಮನ ಕಾಲದಲ್ಲಿ ಅದು ಮುಗಿಯಿತು. ಆ ಗೋಡೆಗೆ 13 ದೊಡ್ಡ ದರ್ವಾಜಾಗಳಿದ್ದವು. ಜೊತೆಗೆ ಜನ ನಡೆದು ಹೋಗುವಷ್ಟೇ ದೊಡ್ಡದಾದ 13 ಸಣ್ಣ ಬಾಗಿಲುಗಳಿದ್ದವು. ಅವುಗಳ ಹೆಸರೇ ಖಿಡ್ಕಿ. 1908ರ ಮೂಸಿ ನದಿಯ ಪ್ರವಾಹದಲ್ಲಿ ಗೋಡೆ ಹಾಳಾಯಿತು. 1950ರ ದಶಕದಲ್ಲಿ ಉಳಿದದ್ದನ್ನೂ ಕೆಡವಲಾಯಿತು. ದಬೀರ್‌ಪುರಾ ಮತ್ತು ಪುರಾನಾ ಪುಲ್ ದರ್ವಾಜಾಗಳು ಮಾತ್ರ ಇಂದಿಗೂ ನಿಂತಿವೆ.

ದೊಡ್ಡ ಬಾಗಿಲಿನ ಪಕ್ಕದ ಅಥವಾ ಅದರೊಳಗಿನ ಈ ಸಣ್ಣ ಬಾಗಿಲಿಗೆ ಕನ್ನಡದಲ್ಲಿ ‘ದಿಡ್ಡಿ ಬಾಗಿಲು’ ಎಂಬ ಹೆಸರಿದೆ. ಇಂದಿಗೂ ದೊಡ್ಡ ಗೇಟಿನೊಳಗೆ ಸಣ್ಣ ಗೇಟು ಮಾಡಿಸುವವರು ‘ಖಿಡ್ಕಿ ಬೇಕು’ ಎಂದರೆ ಹಳೆಯ ಮಿಸ್ತ್ರಿಗಳಿಗೆ ದಿಡ್ಡಿ ಬಾಗಿಲೇ ಅರ್ಥವಾಗಬಹುದು. ಗಾಳಿ, ಬೆಳಕಿನ ಕಿಟಕಿಯೋ, ಓಡಾಡುವ ಸಣ್ಣ ಬಾಗಿಲೋ ಎಂಬುದನ್ನು ಚಿತ್ರ ಬರೆದು ತೋರಿಸುವುದು ಒಳ್ಳೆಯದು.

ಕಿಟಕಿಗೆ ಸಂಸ್ಕೃತದಿಂದ ಬಂದ ‘ಗವಾಕ್ಷ’ ಎಂದರೆ ಹಸುವಿನ ಕಣ್ಣು. ತಮಿಳು, ಮಲಯಾಳಂನ ‘ಜನ್ನಲ್’, ‘ಜನಲ್’ ಪೋರ್ಚುಗೀಸ್ ಭಾಷೆಯ ‘ಜನೇಲಾ’ದಿಂದ ಬಂದವು. ಗೋಡೆಯ ಮೇಲ್ಭಾಗದಲ್ಲಿರುವ ಸಣ್ಣ ಕಿಂಡಿಗೆ ಕನ್ನಡದಲ್ಲಿ ‘ಬೆಳಕಿಂಡಿ’ ಎಂಬ ಒಳ್ಳೆಯ ಪದವಿದೆ. ಅಂಗಡಿಯಲ್ಲಿ ಮಾತ್ರ ವೆಂಟಿಲೇಟರ್ ಎಂದರೇ ತಿಳಿಯುವುದು.

ಚೌಕಟ್ಟು ಬೇರೆ, ಕದ ಬೇರೆ

ಹೆಚ್ಚಿನ ತಕರಾರು ಹುಟ್ಟುವುದು ಇಲ್ಲಿಯೇ. ಸಾಮಾನ್ಯ ಮಾತಿನಲ್ಲಿ ಬಾಗಿಲು ಎಂದರೆ ಎಲ್ಲವೂ ಸೇರಿದ್ದು. ವ್ಯಾಪಾರದ ಮಾತಿನಲ್ಲಿ ಅದು ಎರಡು ಬೇರೆ ವಸ್ತು. ಗೋಡೆಗೆ ಅಂಟಿಕೊಂಡು ಅಲುಗಾಡದೆ ನಿಲ್ಲುವುದು ಫ್ರೇಮ್, ಅಂದರೆ ಚೌಕಟ್ಟು. ತೆರೆದು ಮುಚ್ಚುವ ಭಾಗ ಶಟರ್. ಕನ್ನಡದಲ್ಲಿ ಇದಕ್ಕೆ ‘ಕದ’ ಎಂಬ ಪದ ಮೊದಲಿನಿಂದಲೂ ಇದೆ. ತೆಲುಗಿನಲ್ಲಿ ‘ರೆಕ್ಕ’, ಹಿಂದಿಯಲ್ಲಿ ‘ಪಲ್ಲಾ’. ಎರಡು ಕದದ ಬಾಗಿಲಿಗೆ ತೆಲುಗಿನ ಬಡಗಿ ‘ರೆಂಡು ರೆಕ್ಕಲ ತಲುಪು’ ಎನ್ನುತ್ತಾನೆ. ಅಂಗಡಿ ಮುಂದೆ ಎಳೆಯುವ ಕಬ್ಬಿಣದ ಶಟರ್‌ಗೂ ಇದಕ್ಕೂ ಸಂಬಂಧವಿಲ್ಲ.

ಯಾರಾದರೂ ‘ಡೋರ್‌ಗೆ ಇಷ್ಟು’ ಎಂದು ದರ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಕದಕ್ಕೆ ಮಾತ್ರವೇ ಅಥವಾ ಚೌಕಟ್ಟೂ ಸೇರಿಯೇ ಎಂಬುದು. ಕೂರಿಸುವ ಕೂಲಿ, ಪಾಲಿಶ್, ತಿರುಗಣಿ, ಚಿಲಕ, ಬೀಗ, ಸಾಗಣೆ ಇವೆಲ್ಲ ಪ್ರತ್ಯೇಕವೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ಚೌಕಟ್ಟಿನಲ್ಲೂ ಎರಡು ಬಗೆ. ಕೆಳಗೆ ಮರದ ಹೊಸ್ತಿಲು ಇರುವ ನಾಲ್ಕು ಮರದ ಚೌಕಟ್ಟು ಒಂದು. ಎರಡು ನಿಲುವು ಮತ್ತು ಮೇಲೊಂದು ಅಡ್ಡಮರ ಮಾತ್ರ ಇರುವ ಮೂರು ಮರದ ಚೌಕಟ್ಟು ಇನ್ನೊಂದು. ಮುಖ್ಯ ಬಾಗಿಲಿಗೆ ಹೊಸ್ತಿಲು ಬೇಕು ಎಂಬುದು ಕನ್ನಡ, ತೆಲುಗು ಮನೆಗಳೆರಡರಲ್ಲೂ ಇರುವ ರೂಢಿ. ಅರಿಶಿನ, ಕುಂಕುಮ ಹಚ್ಚಿ ಪೂಜಿಸುವುದು ಅದನ್ನೇ. ಆದರೆ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಹೊಸ್ತಿಲಿಲ್ಲದ ಚೌಕಟ್ಟೇ ಇರುತ್ತದೆ. ಬೇಕಿದ್ದರೆ ‘ಗಡಪ ಸಹಾ’ ಎಂದು ಬಾಯಿಬಿಟ್ಟು ಹೇಳಬೇಕು.

ಚೌಕಟ್ಟಿನ ಒಳ ಅಂಚಿನಲ್ಲಿ ಕದ ಬಂದು ಕೂರಲು ಒಂದು ಮೆಟ್ಟಿಲಿನಂತೆ ಕೊರೆದಿರುತ್ತಾರೆ. ಅಂಗಡಿಯಲ್ಲಿ ಇದು ರಿಬೇಟ್. ಒಂದೇ ಕದವಿದ್ದರೆ ಒಂದು ರಿಬೇಟ್ ಸಾಕು. ಹೊರಗೆ ಸೊಳ್ಳೆ ಪರದೆಯ ಕದ, ಒಳಗೆ ಮರದ ಕದ ಎಂದು ಎರಡು ಬೇಕಿದ್ದರೆ ಎರಡೂ ಬದಿಗೆ ರಿಬೇಟ್ ಬೇಕು. ಅಂದರೆ ಚೌಕಟ್ಟಿನ ಮರ ಮೊದಲೇ ಅಗಲವಾಗಿರಬೇಕು. ಚೌಕಟ್ಟು ಗೋಡೆ ಸೇರಿದ ಮೇಲೆ ಸೊಳ್ಳೆ ಪರದೆ ನೆನಪಾದರೆ ಹೊರಗಿನಿಂದ ಪಟ್ಟಿ ಹೊಡೆಯುವುದೇ ಉಳಿದ ದಾರಿ.

ಪ್ಯಾನಲ್, ಫ್ಲಶ್, ವೆನೀರ್: ವ್ಯತ್ಯಾಸವೇನು?

ಕದದಲ್ಲಿ ಮುಖ್ಯವಾಗಿ ಎರಡು ಬಗೆ. ಉದ್ದ ಮತ್ತು ಅಡ್ಡ ಪಟ್ಟಿಗಳನ್ನು ಜೋಡಿಸಿ, ನಡುವಿನ ಖಾಲಿ ಜಾಗಕ್ಕೆ ಹಲಗೆ ಕೂರಿಸಿದರೆ ಅದು ಪ್ಯಾನಲ್ ಬಾಗಿಲು. ಉದ್ದ ಪಟ್ಟಿಗೆ ಸ್ಟೈಲ್, ಅಡ್ಡ ಪಟ್ಟಿಗೆ ರೈಲ್ ಎನ್ನುತ್ತಾರೆ. ಬೀಗ ಕೂರುವ ಎತ್ತರದ ಅಡ್ಡ ಪಟ್ಟಿ ಲಾಕ್ ರೈಲ್. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೊರೆದು ಇನ್ನೊಂದರ ತೂತಿಗೆ ಸೇರಿಸುವ ಜೋಡಣೆಗೆ ಮಾರ್ಟೈಸ್-ಟೆನನ್ ಎಂದು ಹೆಸರು. ಒಳ್ಳೆಯ ಪ್ಯಾನಲ್ ಬಾಗಿಲಿನ ಬಾಳಿಕೆ ಈ ಜೋಡಣೆಯಲ್ಲಿದೆ. ಬರೀ ಮೊಳೆ, ಸ್ಕ್ರೂ ಹೊಡೆದದ್ದು ಕೆಲ ವರ್ಷಗಳಲ್ಲಿ ಸಡಿಲವಾಗುತ್ತದೆ.

ಎರಡೂ ಮುಖ ಸಪಾಟಾಗಿದ್ದು, ಒಳಗೆ ಮರದ ತುಂಡುಗಳ ತಿರುಳು, ಹೊರಗೆ ತೆಳು ಪದರ ಇರುವುದು ಫ್ಲಶ್ ಬಾಗಿಲು. ಇದು ಕಳಪೆ ಎಂದೇನಲ್ಲ. ಒಳಕೋಣೆಗಳಿಗೆ ಸಾಕಷ್ಟು ಗಟ್ಟಿ, ಬೆಲೆ ಕಡಿಮೆ, ಸೊಟ್ಟಗಾಗುವುದೂ ಕಡಿಮೆ. ಅದರ ಮೇಲೆ ತೇಗದ ತೆಳು ಹಾಳೆ ಅಂಟಿಸಿದರೆ ಟೀಕ್ ವೆನೀರ್. ತೇಗದಂತೆ ಕಾಣುವ ಬಣ್ಣ ಅಥವಾ ಪ್ಲಾಸ್ಟಿಕ್ ಹಾಳೆ ಇದ್ದರೆ ಟೀಕ್ ಫಿನಿಶ್. ಪೂರ್ತಿ ತೇಗದ ಮರದ್ದಾದರೆ ಸಾಲಿಡ್ ಟೀಕ್. ಮೂರಕ್ಕೂ ಮಾರಾಟಗಾರ ‘ಟೀಕ್ ಡೋರ್’ ಎನ್ನಬಹುದು. ಬೆಲೆಯಲ್ಲಿ ಮಾತ್ರ ಭಾರಿ ಅಂತರವಿದೆ. ಬಚ್ಚಲು ಮನೆಗೆ ಫ್ಲಶ್ ಬಾಗಿಲು ಹಾಕುವುದಾದರೆ ನೀರು ತಡೆಯುವ ಅಂಟಿನಿಂದ ಮಾಡಿದ್ದೇ ಎಂದು ಕೇಳಬೇಕು. ವ್ಯಾಪಾರದಲ್ಲಿ ಇದಕ್ಕೆ ಬಿಡಬ್ಲ್ಯುಪಿ ದರ್ಜೆ ಎನ್ನುತ್ತಾರೆ.

ಭಾರತೀಯ ಮಾನಕ ಬ್ಯೂರೋ ಇವುಗಳಿಗೆ ಬೇರೆ ಬೇರೆ ಮಾನದಂಡ ನಿಗದಿಪಡಿಸಿದೆ. ಮರದ ಚೌಕಟ್ಟಿಗೆ ಐಎಸ್ 4021, ಪ್ಯಾನಲ್ ಮತ್ತು ಗಾಜಿನ ಕದಗಳಿಗೆ ಐಎಸ್ 1003, ಫ್ಲಶ್ ಬಾಗಿಲಿಗೆ ಐಎಸ್ 2202. ಕಾರ್ಖಾನೆಯಲ್ಲಿ ತಯಾರಾದ ಫ್ಲಶ್ ಬಾಗಿಲು ಕೊಳ್ಳುವಾಗ ಅದರ ಮೇಲೆ ಐಎಸ್‌ಐ ಗುರುತು ಮತ್ತು ಈ ಸಂಖ್ಯೆ ಇದೆಯೇ ಎಂದು ನೋಡಬಹುದು. ಬಡಗಿ ಕೈಯಲ್ಲಿ ಮಾಡಿಸುವ ಬಾಗಿಲಿಗೆ ಗುರುತು ಇರುವುದಿಲ್ಲ. ಆದರೂ ಮಾನದಂಡದ ಸಂಖ್ಯೆಯನ್ನು ಒಪ್ಪಂದದಲ್ಲಿ ಬರೆಸಿಕೊಂಡರೆ ಮುಂದೆ ಮಾತಿಗೆ ಆಧಾರ ಇರುತ್ತದೆ.

ಯಾವ ಊರಿನ ತೇಗ?

‘ಟೀಕ್’ ನಮಗೆ ಇಂಗ್ಲಿಷಿನಿಂದ ಬಂದ ಪದ ಎನಿಸಿದರೂ ಅದರ ಮೂಲ ದಕ್ಷಿಣ ಭಾರತವೇ. ಮಲಯಾಳಂನ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ‘ತೇಕಾ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಕನ್ನಡದ ‘ತೇಗ’ ಅದೇ ಕುಟುಂಬದ್ದು. ಉತ್ತರ ಕರ್ನಾಟಕದ ‘ಸಾಗವಾನಿ’, ದಖನಿಯ ‘ಸಾಗ್ವಾನ್’, ತೆಲುಗಿನ ‘ಟೇಕು’ ಎಲ್ಲವೂ ಒಂದೇ ಮರ. ತೆಲುಗಿನವರು ‘ಟೇಕು ಚೆಕ್ಕ’ ಎಂದರೆ ಚಕ್ಕೆ ಎಂದುಕೊಳ್ಳಬಾರದು. ಚೆಕ್ಕ ಎಂದರೆ ಅಲ್ಲಿ ಮರ, ಹಲಗೆ ಎಂದೇ ಅರ್ಥ.

ಹೈದರಾಬಾದ್ ಮರದ ಬಾಗಿಲುಗಳ ವಿಷಯದಲ್ಲಿ ದೇಶದ ಗಮನ ಸೆಳೆದದ್ದು ಅಯೋಧ್ಯೆಯಿಂದ. 2024ರ ಜನವರಿ 22ರಂದು ಪ್ರಾಣಪ್ರತಿಷ್ಠೆ ನಡೆದ ರಾಮಮಂದಿರದ ಬಾಗಿಲುಗಳನ್ನು ಮಾಡಿದ್ದು ಈ ನಗರದ ಅನುರಾಧಾ ಟಿಂಬರ್ ಇಂಟರ್‌ನ್ಯಾಷನಲ್ ಸಂಸ್ಥೆ. ಅದಕ್ಕೆ ಬಳಸಿದ್ದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬಲ್ಲಾರ್‌ಷಾ ತೇಗ. ಆ ಬಳಿಕ ಅಂಗಡಿಗಳಲ್ಲಿ ‘ಬಲ್ಲಾರ್‌ಷಾ’ ಎಂಬ ಹೆಸರು ಗ್ರಾಹಕರಿಗೂ ಪರಿಚಿತವಾಯಿತು.

ಇದೇ ಪ್ರದೇಶದ ಮರಕ್ಕೆ ವ್ಯಾಪಾರದಲ್ಲಿ ‘ಸಿಪಿ ಟೀಕ್’ ಎಂಬ ಹಳೆಯ ಹೆಸರೂ ಇದೆ. ಸಿಪಿ ಎಂದರೆ ಬ್ರಿಟಿಷರ ಕಾಲದ ಸೆಂಟ್ರಲ್ ಪ್ರಾವಿನ್ಸಸ್. ಆ ಪ್ರಾಂತ್ಯ 1950ರಲ್ಲೇ ಹೆಸರು ಕಳೆದುಕೊಂಡರೂ ಮರದ ಮಂಡಿಯಲ್ಲಿ ಇನ್ನೂ ಉಳಿದಿದೆ. ‘ಬರ್ಮಾ ಟೀಕ್’ ಎಂಬುದು ಮ್ಯಾನ್ಮಾರ್‌ನ ತೇಗ. ಆ ದೇಶ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿದೆ. ಹಾಗಾಗಿ ಹೊಸದಾಗಿ ಬಂದ ಬರ್ಮಾ ದಿಮ್ಮಿ ಎಂದು ಯಾರಾದರೂ ಹೇಳಿದರೆ ಬಿಲ್ಲು, ಮೂಲದ ದಾಖಲೆ ಕೇಳುವುದು ಗ್ರಾಹಕರ ಹಕ್ಕು. ‘ಆಫ್ರಿಕನ್ ಟೀಕ್’ ಎಂಬ ಹೆಸರಿನಲ್ಲಿ ಎರಡು ಬೇರೆ ಮರ ಬರುತ್ತವೆ. ಘಾನಾ ಮೊದಲಾದ ದೇಶಗಳ ತೋಟದಲ್ಲಿ ಬೆಳೆದ ನಿಜವಾದ ತೇಗ ಒಂದು. ಇರೋಕೊ ಎಂಬ ಬೇರೆಯೇ ಜಾತಿಯ ಮರ ಇನ್ನೊಂದು. ಯಾವುದು ಎಂದು ಹೆಸರು ಹೇಳಿಸಿಕೊಳ್ಳಬೇಕು.

ಊರಿನ ಹೆಸರಿಗಿಂತಲೂ ಮುಖ್ಯವಾದದ್ದು ಮರದ ಯಾವ ಭಾಗ ಎಂಬುದು. ಕಾಂಡದ ಒಳಗಿನ ಗಟ್ಟಿಯಾದ, ಬಣ್ಣ ಗಾಢವಾದ ಭಾಗಕ್ಕೆ ಕನ್ನಡದಲ್ಲಿ ‘ಚೇಗು’ ಎನ್ನುತ್ತಾರೆ, ತೆಲುಗಿನಲ್ಲಿ ‘ಚೇವ’. ಗೆದ್ದಲು ತಡೆಯುವ ಗುಣ ತೇಗದ ಚೇಗಿಗೆ ಇದೆ. ಹೊರಗಿನ ಬಿಳಿಚಿದ ಭಾಗಕ್ಕೆ ಅದು ಇಲ್ಲ. ತೇಗವೇ ಆದರೂ ಬಿಳಿ ಭಾಗ ಹೆಚ್ಚಿದ್ದರೆ ಗೆದ್ದಲು ಹಿಡಿಯಬಹುದು. ಗಾಢ ಬಣ್ಣದ ಪಾಲಿಶ್ ಹಚ್ಚಿದ ಮೇಲೆ ಈ ವ್ಯತ್ಯಾಸ ಕಾಣುವುದಿಲ್ಲ. ಪಾಲಿಶ್‌ಗೆ ಮೊದಲೇ ನೋಡಬೇಕು.

ತೇಗ ದುಬಾರಿ ಎನಿಸಿದವರು ಬೇರೆ ಮರ ಕೇಳುತ್ತಾರೆ. ಆಗ ಹೆಸರುಗಳು ಬದಲಾಗುತ್ತವೆ. ಕನ್ನಡದ ಬೇವು ತೆಲುಗಿನಲ್ಲಿ ‘ವೇಪ’, ಹಲಸು ‘ಪನಸ’, ಹೊನ್ನೆ ‘ವೇಗಿಸ’. ಮತ್ತಿ ಮರ ‘ನಲ್ಲಮದ್ದಿ’. ‘ತೆಲ್ಲಮದ್ದಿ’ ಎಂದರೆ ಅದೇ ಗುಂಪಿನ ಬೇರೊಂದು ಮರ, ನಮ್ಮ ಹೊಳೆಮತ್ತಿ. ಬರೀ ‘ಮದ್ದಿ’ ಎಂದರೆ ಎರಡರಲ್ಲಿ ಯಾವುದಾದರೂ ಆಗಬಹುದು.

ಮೂರೂವರೆ ಅಡಿ ಬಾಗಿಲು, ಮೂರೇ ಅಡಿ ದಾರಿ

ತೆಲುಗಿನಲ್ಲಿ ಅಡಿಗೆ ‘ಅಡುಗು’, ಇಂಚಿಗೆ ‘ಅಂಗುಳಂ’. ‘ಮೂಡುನ್ನರ–ಏಡು’ ಎಂದರೆ ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರ. ಹಿಂದಿ ಮಾತನಾಡುವ ಬಡಗಿಗಳು ಬಳಸುವ ‘ಸೂತ್’ ಎಂದರೆ ಇಂಚಿನ ಎಂಟನೇ ಒಂದು ಭಾಗ. ಸೂತ್ ಎಂದರೆ ನೂಲು. ‘ಚಾರ್ ಸೂತ್’ ಎಂದರೆ ಅರ್ಧ ಇಂಚು.

ಈ ಅಳತೆ ಎಲ್ಲಿಂದ ಎಲ್ಲಿಗೆ ಎಂಬುದೇ ಪ್ರಶ್ನೆ. ಒಂದು ಬಾಗಿಲಿಗೆ ನಾಲ್ಕು ಅಳತೆಗಳಿವೆ. ಗೋಡೆಯಲ್ಲಿ ಬಿಟ್ಟ ಜಾಗ, ಚೌಕಟ್ಟಿನ ಹೊರ ಅಳತೆ, ಕದದ ಅಳತೆ, ಮತ್ತು ಓಡಾಡಲು ಸಿಗುವ ಜಾಗ. ಉದಾಹರಣೆಗೆ, ಚೌಕಟ್ಟಿನ ಹೊರ ಅಗಲ ಮೂರೂವರೆ ಅಡಿ, ಅಂದರೆ 42 ಇಂಚು ಎಂದಿಟ್ಟುಕೊಳ್ಳಿ. ಎರಡೂ ಬದಿಯ ನಿಲುವುಗಳು ಮುಂದಿನಿಂದ ತಲಾ 3 ಇಂಚು ಕಾಣುವಂತಿದ್ದರೆ 6 ಇಂಚು ಹೋಯಿತು. ಓಡಾಡಲು ಉಳಿದದ್ದು 36 ಇಂಚು. ರಿಬೇಟ್ ಎರಡೂ ಕಡೆ ಅರ್ಧ ಇಂಚು ಇದ್ದರೆ ಕದದ ಅಗಲ ಸುಮಾರು 37 ಇಂಚು. ಮಾಲೀಕರು ಮೂರೂವರೆ ಅಡಿ ಎಂದುಕೊಂಡದ್ದು ಬಳಕೆಯಲ್ಲಿ ಮೂರೇ ಅಡಿ.

ಮುಖ್ಯ ಬಾಗಿಲಿಗೆ ಇದು ಸಾಕಾಗಬಹುದು. ಆದರೆ ಹೊರ ಅಗಲ ಎರಡೂವರೆ ಅಡಿಯ ಬಚ್ಚಲು ಬಾಗಿಲಿಗೆ ಇದೇ ಲೆಕ್ಕ ಹಾಕಿದರೆ ಉಳಿಯುವುದು 24 ಇಂಚು ಮಾತ್ರ. ವಯಸ್ಸಾದ ತಂದೆ, ತಾಯಿ ಇರುವ ಮನೆಯಲ್ಲಿ ವಾಕರ್ ಅಥವಾ ಗಾಲಿಕುರ್ಚಿ ಹೋಗುವುದಿಲ್ಲ ಎಂಬುದು ಬೇಕಾದಾಗಲೇ ಗೊತ್ತಾಗುತ್ತದೆ. ಆಗ ಗೋಡೆ ಒಡೆಯದೆ ಬೇರೆ ದಾರಿಯಿಲ್ಲ.

ಸಿಎಫ್‌ಟಿ ಲೆಕ್ಕ ಹೀಗೆ

ಚೌಕಟ್ಟಿನ ಮರವನ್ನು ಸಾಮಾನ್ಯವಾಗಿ ಘನ ಅಡಿ ಲೆಕ್ಕದಲ್ಲಿ, ಅಂದರೆ ಸಿಎಫ್‌ಟಿಯಲ್ಲಿ ಮಾರುತ್ತಾರೆ. ಕೆಲವರು ಉದ್ದದ ಅಡಿಗೆ ದರ ಹೇಳುತ್ತಾರೆ. ಕದಕ್ಕೆ ಚದರ ಅಡಿ ಲೆಕ್ಕ. ಮೂರೂ ದರಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

ಸಿಎಫ್‌ಟಿ ಲೆಕ್ಕ ಕಷ್ಟವೇನಲ್ಲ. ಮರದ ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಗುಣಿಸಿ, ಉದ್ದವನ್ನು ಅಡಿಯಲ್ಲಿ ಗುಣಿಸಿ, 144ರಿಂದ ಭಾಗಿಸಬೇಕು. ಏಳು ಅಡಿಯ ಎರಡು ನಿಲುವು, ಮೂರೂವರೆ ಅಡಿಯ ಒಂದು ಅಡ್ಡಮರ ಸೇರಿ ಒಟ್ಟು ಉದ್ದ 17.5 ಅಡಿ. ಮರ 5 ಇಂಚು ಅಗಲ, 3 ಇಂಚು ದಪ್ಪ. ಹಾಗಾದರೆ 5×3×17.5÷144, ಅಂದರೆ ಸುಮಾರು 1.82 ಸಿಎಫ್‌ಟಿ. ಹೊಸ್ತಿಲೂ ಸೇರಿದರೆ ಉದ್ದ 21 ಅಡಿ, ಮರ ಸುಮಾರು 2.19 ಸಿಎಫ್‌ಟಿ. ಬಿಲ್ಲಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿದ್ದರೆ ಕಾರಣ ಕೇಳಬೇಕು.

ಇನ್ನೊಂದು ವಿಷಯ, 5×3 ಎಂಬುದು ಗರಗಸದಿಂದ ಕೊಯ್ದ ಮರದ ಅಳತೆ. ತೋಪಡಾ ಹೊಡೆದು ನಯ ಮಾಡಿದ ಮೇಲೆ ಪ್ರತಿ ಬದಿಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಇದು ಸಹಜ. ದರ ಕೊಯ್ದ ಅಳತೆಗೋ, ನಯ ಮಾಡಿದ ಅಳತೆಗೋ ಎಂಬುದು ಮೊದಲೇ ತಿಳಿದಿದ್ದರೆ ತಕರಾರು ಇರುವುದಿಲ್ಲ.

ಮುಹೂರ್ತ ಹತ್ತಿರ ಬಂತು, ಮರ ಹಸಿ ಇದೆ

ಕನ್ನಡಿಗರಲ್ಲಿ ಬಾಗಿಲು ಇಡುವ ಪೂಜೆ ಇರುವಂತೆ ತೆಲುಗರಲ್ಲೂ ದ್ವಾರಬಂಧ ನಿಲ್ಲಿಸುವ ಶಾಸ್ತ್ರವಿದೆ. ಆ ದಿನ ಬೇಕಾಗುವುದು ಮುಖ್ಯ ಬಾಗಿಲಿನ ಚೌಕಟ್ಟು ಮಾತ್ರ. ಮುಹೂರ್ತ ಗೊತ್ತಾದ ಮೇಲೆ ಮರ ಹುಡುಕಲು ಹೊರಟರೆ, ಸಿಕ್ಕ ಮರವನ್ನೇ ಕೊಯ್ಯಿಸುವ ಪರಿಸ್ಥಿತಿ ಬರುತ್ತದೆ. ಆ ಮರ ಒಣಗಿರುವುದಿಲ್ಲ.

ಮರವನ್ನು ಒಣಗಿಸಿ ಹದಕ್ಕೆ ತರುವುದಕ್ಕೆ ಸೀಸನಿಂಗ್ ಎನ್ನುತ್ತಾರೆ. ನೆರಳಿನಲ್ಲಿ ಜೋಡಿಸಿಟ್ಟು ತಿಂಗಳುಗಟ್ಟಲೆ ಒಣಗಿಸುವುದು ಒಂದು ಕ್ರಮ. ಬಿಸಿಗಾಳಿಯ ಕೋಣೆಯಲ್ಲಿಟ್ಟು ಬೇಗ ಒಣಗಿಸುವುದು ಇನ್ನೊಂದು. ಹಸಿ ಮರ ಆರಿದಂತೆ ಉದ್ದದಲ್ಲಿ ಹೆಚ್ಚೇನೂ ಕುಗ್ಗುವುದಿಲ್ಲ, ಅಗಲದಲ್ಲಿ ಕುಗ್ಗುತ್ತದೆ. ಹೈದರಾಬಾದ್‌ನಲ್ಲಿ ಬೇಸಿಗೆ 40 ಡಿಗ್ರಿ ದಾಟಿ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ತೇವ ಹೆಚ್ಚು. ಹದವಾಗದ ಮರದ ಬಾಗಿಲು ಏಪ್ರಿಲ್‌ನಲ್ಲಿ ಸಂದು ಬಿಟ್ಟು, ಆಗಸ್ಟ್‌ನಲ್ಲಿ ಬಿಗಿದುಕೊಳ್ಳುತ್ತದೆ.

ಮರದಲ್ಲಿ ಎಷ್ಟು ತೇವಾಂಶ ಇರಬಹುದು ಎಂಬುದನ್ನು ಐಎಸ್ 287 ಮಾನದಂಡ ದೇಶವನ್ನು ಹವಾಮಾನ ವಲಯಗಳಾಗಿ ವಿಂಗಡಿಸಿ ಹೇಳುತ್ತದೆ. ತೇವಾಂಶ ಅಳೆಯುವ ಕೈಯಳತೆಯ ಮೀಟರ್‌ಗಳಿವೆ. ಮೀಟರ್ ಇಟ್ಟು ತೋರಿಸಿ ಎಂದು ಡಿಪೋದಲ್ಲಿ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಮುಹೂರ್ತಕ್ಕಿಂತ ಕೆಲ ತಿಂಗಳು ಮೊದಲೇ ಮರ ಕೊಂಡು ಕೊಯ್ಯಿಸಿಟ್ಟರೆ ಅರ್ಧ ಚಿಂತೆ ಕಳೆದಂತೆ.

ಕಿಟಕಿಯ ಪದಗಳು

ಬದಿಯ ತಿರುಗಣಿಯ ಮೇಲೆ ಬಾಗಿಲಿನಂತೆ ತೆರೆಯುವುದು ಕೇಸ್‌ಮೆಂಟ್ ಕಿಟಕಿ. ಪಕ್ಕಕ್ಕೆ ಸರಿಯುವುದು ಸ್ಲೈಡಿಂಗ್. ತೆರೆಯದೆ ಗಾಜು ಮಾತ್ರ ಕೂರಿಸಿದ್ದು ಫಿಕ್ಸೆಡ್. ಓರೆಯಾದ ಪಟ್ಟಿಗಳಿರುವುದು ಲೂವರ್. ನೆಲದವರೆಗೂ ಇಳಿದು ಬಾಗಿಲಿನಂತೆ ಬಳಕೆಯಾಗುವುದು ಫ್ರೆಂಚ್ ವಿಂಡೋ. ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಇನ್ನೊಂದರ ಹಿಂದೆ ಸರಿಯುವುದರಿಂದ ಒಮ್ಮೆಗೆ ಅರ್ಧ ಭಾಗ ಮಾತ್ರ ತೆರೆದಿರುತ್ತದೆ. ಪೂರ್ತಿ ಗಾಳಿ ಬೇಕೆನ್ನುವವರಿಗೆ ಕೇಸ್‌ಮೆಂಟ್ ಸರಿ.

ಕಿಟಕಿ ಚೌಕಟ್ಟಿನ ನಡುವೆ ನಿಲ್ಲುವ ಮರ ಮಲಿಯನ್, ಅಡ್ಡ ಬರುವ ಮರ ಟ್ರಾನ್ಸಮ್. ಕೆಳಗಿನ ಕಟ್ಟೆ ಸಿಲ್. ಮೇಲಿನ ಭಾರ ಹೊರುವ ಕಾಂಕ್ರೀಟ್ ತೊಲೆ ಲಿಂಟಲ್. ಕಿಟಕಿಯ ಸರಳುಗಳಿಗೆ ತೆಲುಗಿನಲ್ಲಿ ‘ಊಚಲು’, ಗಾಜಿಗೆ ‘ಅದ್ದಂ’. ಕನ್ನಡಿಗೂ ಅಲ್ಲಿ ಅದ್ದಂ ಎಂದೇ ಹೆಸರು. ‘ತ್ರೀ ಟ್ರ್ಯಾಕ್’ ಎಂದರೆ ಮೂರು ಹಳಿ. ಎರಡು ಗಾಜಿಗೆ, ಒಂದು ಸೊಳ್ಳೆ ಪರದೆಗೆ. ‘ವುಡ್ ಫಿನಿಶ್’ ಎಂದು ಮಾರುವ ಯುಪಿವಿಸಿ ಕಿಟಕಿಯಲ್ಲಿ ಮರ ಇರುವುದಿಲ್ಲ. ಅದು ಮರದ ಬಣ್ಣದ ಪ್ಲಾಸ್ಟಿಕ್.

ಎಡಗೈ, ಬಲಗೈ ಮತ್ತು ಕಬ್ಬಿಣದ ಸಾಮಾನು

ಬಾಗಿಲು ಎಡಕ್ಕೆ ತೆರೆಯಬೇಕೋ ಬಲಕ್ಕೋ ಎಂಬ ಪ್ರಶ್ನೆಗೆ ಒಳಗೆ ನಿಂತವರ ಉತ್ತರ ಒಂದು, ಹೊರಗೆ ನಿಂತವರದು ಇನ್ನೊಂದು. ‘ಎಡ’, ‘ಬಲ’ ಎನ್ನುವ ಬದಲು ನಕ್ಷೆಯಲ್ಲಿ ತಿರುಗಣಿ ಎಲ್ಲಿ, ಕದ ಯಾವ ಕೋಣೆಯ ಕಡೆಗೆ ತೆರೆಯುತ್ತದೆ ಎಂದು ಗುರುತು ಹಾಕಿಕೊಡಬೇಕು. ಸ್ವಿಚ್ ಬೋರ್ಡ್ ಕದದ ಹಿಂದೆ ಹೋಗುವ ತಾಪತ್ರಯ ಇದರಿಂದ ತಪ್ಪುತ್ತದೆ.

ತಿರುಗಣಿಗೆ ತೆಲುಗಿನಲ್ಲಿ ‘ಮಡತ ಬಂದು’, ಹಿಂದಿಯಲ್ಲಿ ‘ಕಬ್ಜಾ’, ಮರಾಠಿಯಲ್ಲಿ ‘ಬಿಜಾಗರಿ’. ಚಿಲಕಕ್ಕೆ ‘ಗಡಿಯ’, ಕೊಂಡಿಗೆ ‘ಗೊಳ್ಳೆಂ’. ಹೊರಗಿನಿಂದ ಬೀಗ ಹಾಕುವ ದಪ್ಪ ಸರಳಿನ ಚಿಲಕ ಎಲ್ಲ ಭಾಷೆಯಲ್ಲೂ ಆಲ್‌ಡ್ರಾಪ್. ತೆಲುಗಿನಲ್ಲಿ ‘ತಾಳಂ’ ಎಂದರೆ ಬೀಗ. ನಮ್ಮಲ್ಲಿ ಬೀಗಕ್ಕೆ ‘ಕೈ’ ಇದ್ದರೆ ಅವರಲ್ಲಿ ‘ಚೆವಿ’, ಅಂದರೆ ಕಿವಿ. ಬೀಗದ ಕೈ ಅಲ್ಲಿ ‘ತಾಳಂ ಚೆವಿ’. ‘ಮರಮೇಕು’ ಎಂದರೆ ಸ್ಕ್ರೂ. ಅದಕ್ಕೂ ಮರಕ್ಕೂ ಸಂಬಂಧವಿಲ್ಲ.

ಬ್ರೋಷರ್ ಓದುವಾಗ

ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಬಡಗಿಯ ಜೊತೆ ಮಾತಿಲ್ಲ. ಅವರ ಕೈಗೆ ಬರುವುದು ಬ್ರೋಷರ್. ಅದರಲ್ಲಿ ‘ಟೀಕ್ ವುಡ್ ಫ್ರೇಮ್ ವಿತ್ ವೆನೀರ್ಡ್ ಫ್ಲಶ್ ಶಟರ್’ ಎಂದಿದ್ದರೆ ತೇಗ ಇರುವುದು ಚೌಕಟ್ಟಿನಲ್ಲಿ ಮಾತ್ರ. ‘ಹಾರ್ಡ್‌ವುಡ್ ಫ್ರೇಮ್’ ಎಂದರೆ ತೇಗವಲ್ಲದ ಯಾವುದೋ ಗಟ್ಟಿ ಮರ. ‘ಎಂಜಿನಿಯರ್ಡ್ ವುಡ್’ ಎಂದರೆ ಮರದ ಪದರ, ತುಂಡು ಅಥವಾ ನಾರನ್ನು ಅಂಟಿನಿಂದ ಒತ್ತಿ ಮಾಡಿದ್ದು. ‘ಅಥವಾ ಸಮಾನ ಗುಣಮಟ್ಟದ್ದು’ ಎಂಬ ಮಾತು ಸೇರಿದ್ದರೆ ಯಾವುದಕ್ಕೆ ಸಮಾನ ಎಂದು ಬರಹದಲ್ಲಿ ಕೇಳಬೇಕು.

2016ರ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ, ಒಪ್ಪಿದ ವಿವರಣೆ, ಜೋಡಣೆ ಸಾಮಗ್ರಿಗಳನ್ನು ಖರೀದಿದಾರರ ಒಪ್ಪಿಗೆ ಇಲ್ಲದೆ ಬಿಲ್ಡರ್ ಬದಲಿಸುವಂತಿಲ್ಲ. ಮನೆ ಹಸ್ತಾಂತರವಾದ ದಿನದಿಂದ 5 ವರ್ಷದೊಳಗೆ ಕಾಮಗಾರಿ ಅಥವಾ ಗುಣಮಟ್ಟದ ದೋಷ ಕಂಡು ತಿಳಿಸಿದರೆ, 30 ದಿನಗಳಲ್ಲಿ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಬೇಕು. ಆದರೆ ಈ ರಕ್ಷಣೆ ಸಿಗುವುದು ಬರೆದಿರುವ ಪದಗಳಿಗೆ. ಬ್ರೋಷರ್‌ನ ‘ಫ್ರೇಮ್’ ಎಂಬ ಪದವನ್ನು ‘ಬಾಗಿಲು’ ಎಂದು ಓದಿಕೊಂಡರೆ ಕಾನೂನು ನೆರವಿಗೆ ಬರುವುದಿಲ್ಲ.

ಆರ್ಡರ್ ಕೊಡುವ ಮುನ್ನ ಚೀಟಿಯಲ್ಲಿ ಇವು ಇರಲಿ

1. ದರ ಯಾವುದಕ್ಕೆ: ಚೌಕಟ್ಟು, ಕದ ಅಥವಾ ಎರಡೂ.
2. ಚೌಕಟ್ಟಿಗೆ ಹೊಸ್ತಿಲು ಇದೆಯೇ, ರಿಬೇಟ್ ಒಂದೇ, ಎರಡೇ.
3. ಚೌಕಟ್ಟಿನ ಮರ ಯಾವುದು, ಕದದ ಮರ ಯಾವುದು. ಎರಡನ್ನೂ ಬೇರೆ ಬೇರೆ ಬರೆಸಿ.
4. ಕದ ಸಾಲಿಡ್, ವೆನೀರ್ ಅಥವಾ ಫಿನಿಶ್. ಪ್ಯಾನಲ್ ಅಥವಾ ಫ್ಲಶ್. ದಪ್ಪ ಎಷ್ಟು.
5. ಅಳತೆ ಚೌಕಟ್ಟಿನ ಹೊರಗಿನದ್ದೇ, ಓಡಾಡುವ ಜಾಗದ್ದೇ.
6. ಸಿಎಫ್‌ಟಿ ಲೆಕ್ಕ ಕೊಯ್ದ ಅಳತೆಗೋ, ನಯ ಮಾಡಿದ ಅಳತೆಗೋ.
7. ತೇವಾಂಶ ಮೀಟರ್‌ನಲ್ಲಿ ನೋಡಿದ್ದಾರೆಯೇ.
8. ತಿರುಗಣಿ ಯಾವ ಬದಿ, ಕದ ಯಾವ ಕಡೆಗೆ. ಚಿತ್ರದ ಸಮೇತ.
9. ಕಬ್ಬಿಣದ ಸಾಮಾನು, ಪಾಲಿಶ್, ಕೂರಿಸುವ ಕೂಲಿ, ಸಾಗಣೆ ಯಾರದ್ದು.
10. ಪಾಲಿಶ್‌ಗೆ ಮುನ್ನ ಮರ ನೋಡಲು ಒಂದು ದಿನ.

ಈ ಹತ್ತು ಸಾಲುಗಳನ್ನು ತೆಲುಗಿನಲ್ಲೋ ಹಿಂದಿಯಲ್ಲೋ ಬಲ್ಲವರಿಂದ ಬರೆಸಿ, ಬಡಗಿಯ ಎದುರು ಓದಿಸಿ, ಇಬ್ಬರೂ ಸಹಿ ಹಾಕಿದರೆ ಸಾಕು. ಅದಕ್ಕೆ ಹಿಡಿಯುವುದು ಅರ್ಧ ಗಂಟೆ. ಬಾಗಿಲು ಬಾಳಬೇಕಾದದ್ದು ಹಲವು ದಶಕ.